ನಾಲ್ಕನೇ ಜ್ವರಕ್ಕೆ ನಾನು ಬರೆದ ಕೊನೆ

ನನ್ನ ಕೈಗೆ ಬಂದ ಹನ್ನೆರಡು ಕಥೆಗಳಲ್ಲಿ ಏಳರ ಕೊನೆಗೆ ಮಳೆ ಬಂದಿತ್ತು. ಇನ್ನು ಮೂರರಲ್ಲಿ ಬೆಂಗಳೂರಿನಿಂದ ಒಬ್ಬ ವಿಜ್ಞಾನಿ ಕಾರಿನಲ್ಲಿ ಬಂದಿಳಿದು, ಅರಳಿಕಟ್ಟೆಯ ಮೇಲೆ ಕೂತು, ಭೂಮಿ ಯಾಕೆ ಬಿಸಿಯಾಗುತ್ತಿದೆ ಎಂದು ಎರಡೆರಡು ಪುಟ ವಿವರಿಸಿ ಹೋಗಿದ್ದ. ಉಳಿದ ಎರಡರಲ್ಲಿ ಒಂದು ನನ್ನದು.

ನಾನು ಚನ್ನಪಟ್ಟಣದ ಕಾಲೇಜೊಂದರಲ್ಲಿ ಕನ್ನಡ ಪಾಠ ಮಾಡುತ್ತೇನೆ. ನನ್ನವು ಎರಡು ಕಥಾಸಂಕಲನ ಬಂದಿವೆ. ಆ ವರ್ಷ ಸಂಕ್ರಾಂತಿ ಕಳೆದ ಮೇಲೆ ಬೆಂಗಳೂರಿನ ಪ್ರಕಾಶಕಿಯೊಬ್ಬರು ಫೋನ್ ಮಾಡಿದರು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ಈ ನಾಲ್ಕು ತಾಲ್ಲೂಕಿನವರು ಬರೆದ ಹೊಸ ಕಥೆಗಳ ಪುಸ್ತಕವೊಂದನ್ನು ಸಂಪಾದಿಸಿ ಕೊಡಬೇಕು, ವಿಷಯ ಬದಲಾಗುತ್ತಿರುವ ಹವಾಮಾನ ಎಂದರು.

"ಲೇಖನಗಳು ಬೇಕಾದಷ್ಟು ಬರ್ತಿವೆ ಮೇಡಂ," ಎಂದರು. "ಕಥೆ ಬರೆಯೋರು ಇದನ್ನ ಹೇಗೆ ತಗೊಂಡಿದಾರೆ ಅನ್ನೋದು ನನಗೆ ಗೊತ್ತಾಗಬೇಕು. ನಿಮ್ಮದೂ ಒಂದಿರಲಿ. ಯಾವುದು ಎಲ್ಲಕ್ಕಿಂತ ಚೆನ್ನಾಗಿದೆಯೋ ಅದು ಮೊದಲನೇ ಕಥೆ."

ಮೊದಲನೇ ಕಥೆ ನನ್ನದೇ ಎಂದು ನಾನು ಅವತ್ತೇ ತೀರ್ಮಾನ ಮಾಡಿಬಿಟ್ಟಿದ್ದೆ. ಎರಡು ವರ್ಷದಿಂದ ಒಂದು ಕಥೆಯನ್ನು ತಿದ್ದುತ್ತಿದ್ದೆ. ಎಷ್ಟೋ ವರ್ಷ ಮುಂದಿನ ಕಾಲ. ಹೊರಗೆ ಬದುಕಲಾರದಷ್ಟು ಬಿಸಿಲು. ರಾಮನಗರದ ಜನ ಬಂಡೆ ಬೆಟ್ಟಗಳನ್ನು ಕೊರೆದು ಒಳಗೆ ಊರು ಮಾಡಿಕೊಂಡಿರುತ್ತಾರೆ. ಅಲ್ಲಿ ಒಬ್ಬ ಮುದುಕ ಮತ್ತು ಅವನ ಮಗಳು ಕೊನೆಯ ರೇಷ್ಮೆಹುಳುಗಳನ್ನು ಸಾಕುತ್ತಿರುತ್ತಾರೆ. ಕೊನೆ ಮಾತ್ರ ಸರಿಯಾಗಿರಲಿಲ್ಲ. ಸರಿಯಾಗುತ್ತದೆ ಅಂದುಕೊಂಡಿದ್ದೆ.

ಕಥೆಗಳು ಬರತೊಡಗಿದ ಮೇಲೆ ಒಂದು ಉದ್ದ ನೋಟ್‌ಬುಕ್ಕಿನಲ್ಲಿ ಪ್ರತಿ ಕಥೆಗೂ ಒಂದು ಪುಟ ಇಟ್ಟು ಮೂರು ಪ್ರಶ್ನೆ ಬರೆದುಕೊಂಡೆ: ಸೆಕೆ ಯಾರ ಮೈಗೆ ತಾಗುತ್ತದೆ? ವಿವರಣೆ ಯಾರ ಬಾಯಲ್ಲಿದೆ? ಕೊನೆಗೆ ಏನಾಗುತ್ತದೆ? ಹೆಚ್ಚಿನ ಕಥೆಗಳಲ್ಲಿ ಸೆಕೆ ಯಾರ ಮೈಗೂ ತಾಗುತ್ತಿರಲಿಲ್ಲ. ಅದು ಮೊದಲ ಪ್ಯಾರಾದಲ್ಲಿ ಬಂದು ಹೋಗುತ್ತಿತ್ತು. ಕನಕಪುರದ ವಕೀಲರೊಬ್ಬರ ಕಥೆಯಲ್ಲಿ ಆನೆಗಳು ಕಾಡಿನಲ್ಲಿ ನೀರಿಲ್ಲದೆ ರಾಗಿ ಹೊಲಕ್ಕೆ ಇಳಿಯುತ್ತಿದ್ದವು. ಅರ್ಧದವರೆಗೆ ಸೊಗಸಾಗಿತ್ತು. ಆಮೇಲೆ ಊರವರೆಲ್ಲ ಕಬ್ಬಾಳಮ್ಮನಿಗೆ ಹರಕೆ ಹೊತ್ತರು, ಮಳೆ ಬಂತು, ಆನೆಗಳು ಹೋದವು.

ಮಾಗಡಿ ಕಡೆಯ, ಕೆಂಪಾಪುರದ ಹತ್ತಿರದ ನಿವೃತ್ತ ಮೇಷ್ಟರೊಬ್ಬರಿಗೆ ಫೋನ್ ಮಾಡಿ ಕೊನೆಯ ಮಳೆಯನ್ನು ತೆಗೆಯಬಹುದೇ ಎಂದು ಕೇಳಿದೆ. ಅವರು, "ಮೇಡಂ, ಮಳೆ ತೆಗುದ್ರೆ ಕತೇಲಿ ಇನ್ನೇನೈತೆ?" ಎಂದರು. ಅವರನ್ನು ದೂರುವ ಹಾಗಿಲ್ಲ. ನಮ್ಮ ಕಥೆಗಳಲ್ಲಿ ಮಳೆ ಯಾವಾಗಲೂ ಹೊತ್ತಿಗೆ ಸರಿಯಾಗಿ ಬಂದು ನಮ್ಮನ್ನು ಕಾಪಾಡಿದೆ. ಹೊತ್ತು ತಪ್ಪಿ ಬರುವ ಮಳೆಯನ್ನು ಕಥೆಯ ಯಾವ ಜಾಗದಲ್ಲಿ ಇಡಬೇಕೆಂದು ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಮಾರ್ಚಿನ ಒಂದು ಮಧ್ಯಾಹ್ನ ನನ್ನ ಗೆಳತಿ ಸ್ಟಾಫ್ ರೂಮಿಗೆ ಬಂದಳು. ಪಿಯುಸಿಯಲ್ಲಿ ಇಬ್ಬರೂ ಒಂದೇ ಬೆಂಚು. ಅವಳು ಹೊಂಗನೂರಿಗೆ ಮದುವೆಯಾಗಿ ಹೋಗಿ ರೇಷ್ಮೆ ಬೆಳೆಯುತ್ತಾ ಇದ್ದಾಳೆ. ಹದಿನೈದು ದಿನಕ್ಕೊಮ್ಮೆ ಬಸ್ಸಿನಲ್ಲಿ ಚನ್ನಪಟ್ಟಣಕ್ಕೆ ಬಂದು ಲೈಬ್ರರಿಯಿಂದ ಪುಸ್ತಕ ಬದಲಾಯಿಸಿಕೊಂಡು ಹೋಗುತ್ತಾಳೆ. ನಾನು ಓದದ ಕಾದಂಬರಿಗಳನ್ನು ಅವಳು ಓದಿರುತ್ತಾಳೆ. ನನ್ನ ಕಥೆ ಎಲ್ಲಿ ಬಂದರೂ ಓದಿ ಒಂದೇ ವಾಕ್ಯದಲ್ಲಿ ಅಭಿಪ್ರಾಯ ಹೇಳುವುದು ಅವಳ ರೂಢಿ. ಎರಡನೇ ಸಂಕಲನ ಬಂದಾಗ ಹೇಳಿದ್ದು ಹೀಗೆ: "ಚೆನ್ನಾಗೈತೆ. ಆದ್ರೆ ನಿನ್ ಕತೇಲಿ ಎಲ್ರೂವೆ ದುಃಖ ಆದೇಟ್ಗೆ ಕಿಟಕಿ ತಾವ ಹೋಗಿ ನಿಂತ್ಕತಾರೆ." ಅದಾದ ಮೇಲೆ ನಾನು ಒಂದು ವರ್ಷ ಯಾವ ಕಥೆಯಲ್ಲೂ ಕಿಟಕಿ ಇಡಲಿಲ್ಲ.

ಅವತ್ತು ಅವಳ ಕೈಯಲ್ಲಿ ನೂರು ಪುಟದ ಒಂದು ನೋಟ್‌ಬುಕ್ ಇತ್ತು.

"ನೀನು ಕತೆ ಸೇರುಸ್ತಿದ್ದೀಯಂತೆ," ಎಂದಳು. "ಇದ್ನೂ ನೋಡು. ಆಗಕಿಲ್ಲ ಅಂದ್ರೆ ಆಗಕಿಲ್ಲ ಅನ್ನು, ಬೇಜಾರಿಲ್ಲ. ಸುಮ್ಕೆ ಬಣ್ಣ ಹಚ್ಬೇಡ."

"ನೀನು ಯಾವಾಗಿಂದ ಬರೀತಿದ್ದೀಯ?"

"ಹೋದ ಬೇಸ್ಗೆಯಿಂದ. ಯಾಕೆ, ಪರ್ಮಿಷನ್ ಬೇಕಿತ್ತಾ?"

ನಕ್ಕು ಕಳಿಸಿದೆ. ಮುಂದಿನ ತರಗತಿಗೆ ಇಪ್ಪತ್ತು ನಿಮಿಷವಿತ್ತು. ನಿಂತುಕೊಂಡೇ ತೆರೆದವಳು ನಿಂತುಕೊಂಡೇ ಮುಗಿಸಿದೆ. ತರಗತಿಗೆ ಹತ್ತು ನಿಮಿಷ ತಡವಾಗಿ ಹೋದೆ.

ಕಥೆಯ ಹೆಸರು ‘ನಾಲ್ಕನೇ ಜ್ವರ’. ರೇಷ್ಮೆಹುಳು ಬೆಳೆಯುವಾಗ ನಾಲ್ಕು ಸಲ ಪೊರೆ ಬಿಡುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಜ್ವರಕ್ಕೆ ಕೂತ ಹುಳು ಮೇಯುವುದಿಲ್ಲ, ತಲೆಯೆತ್ತಿಕೊಂಡು ಅಲ್ಲಾಡದೆ ಇರುತ್ತದೆ. ಹೆಚ್ಚುಕಮ್ಮಿ ಎಲ್ಲವೂ ಎದ್ದ ಮೇಲೆಯೇ ಸೊಪ್ಪು ಕೊಡಬೇಕು. ಅವಸರಪಟ್ಟು ಕೊಟ್ಟರೆ ಮೊದಲು ಎದ್ದವು ಮೇದು ಮುಂದೆ ಹೋಗುತ್ತವೆ, ಉಳಿದವು ಹಿಂದೆ ಬೀಳುತ್ತವೆ, ಇಡೀ ಬೆಳೆ ಏರುಪೇರಾಗುತ್ತದೆ. ತಡ ಮಾಡಿದರೆ ಎದ್ದವು ಹಸಿದು ಸೊರಗುತ್ತವೆ. ಆ ಗಳಿಗೆ ಯಾವುದೆಂದು ಹೇಳುವವಳು ಆ ಮನೆಯ ಅತ್ತೆ. ಹುಳು ಕೂತ ಹೊತ್ತು ಕೇಳಿ, ಎದ್ದೇಳುವ ಹೊತ್ತು ಹೇಳುತ್ತಾಳೆ. ನಲವತ್ತು ವರ್ಷ ಅವಳ ಮಾತು ತಪ್ಪಿಲ್ಲ. ಸೊಸೆಗೆ ಅವಳೆಂದರೆ ಭಯ, ಒಳಗೊಳಗೇ ಸಿಟ್ಟು. ಒಂದು ಬೇಸಿಗೆಯಲ್ಲಿ ಅತ್ತೆಯ ಲೆಕ್ಕ ಅರ್ಧ ದಿನ ತಪ್ಪುತ್ತದೆ. ಮುಂದಿನ ಬೆಳೆಯಲ್ಲೂ ತಪ್ಪುತ್ತದೆ. ಅದರ ಮುಂದಿನದರಲ್ಲೂ. ಸೊಸೆಗೆ ಮೊದಲು ಖುಷಿಯಾಗುತ್ತದೆ, ಆಮೇಲೆ ಹೆದರಿಕೆಯಾಗುತ್ತದೆ. ಯಾಕೆಂದರೆ ಅತ್ತೆಗೆ ಗೊತ್ತಿಲ್ಲದ್ದು ಇನ್ನು ಯಾರಿಗೂ ಗೊತ್ತಿಲ್ಲ. ಕೊನೆಯಲ್ಲಿ, ಯಾವತ್ತೂ ಯಾರನ್ನೂ ಏನೂ ಕೇಳದ ಅತ್ತೆ ಹುಳುಮನೆಯ ಬಾಗಿಲಲ್ಲಿ ನಿಂತು ಒಳಗಿರುವ ಸೊಸೆಯನ್ನು ಕೇಳುತ್ತಾಳೆ: "ಎದ್ದವಾ?"

ಅಷ್ಟೇ. ಹವಾಮಾನ ಎನ್ನುವ ಪದ ಹದಿನಾಲ್ಕು ಪುಟದಲ್ಲಿ ಒಂದು ಕಡೆಯೂ ಇರಲಿಲ್ಲ.

ಅವತ್ತು ತರಗತಿಯಲ್ಲಿ ಏನು ಪಾಠ ಮಾಡಿದೆನೋ ನೆನಪಿಲ್ಲ. ಕಿವಿ ಬಿಸಿಯಾಗಿದ್ದದ್ದು ನೆನಪಿದೆ. ಮನೆಗೆ ಬಂದು ಮತ್ತೆ ಓದಿದೆ, ಈ ಸಲ ತಪ್ಪು ಹುಡುಕುವುದಕ್ಕೆ. ಕಾಗುಣಿತದ ತಪ್ಪು ಹತ್ತೊಂಬತ್ತು ಸಿಕ್ಕವು. ಒಂದೊಂದು ಸಿಕ್ಕಾಗಲೂ ನನಗೆ ಸಮಾಧಾನವಾಯಿತು. ಅಲ್ಪಪ್ರಾಣ ಮಹಾಪ್ರಾಣಗಳ ಮೇಲೆ ಕೆಂಪು ಪೆನ್ನಿನಿಂದ ಬೇಕಾದ್ದಕ್ಕಿಂತ ದೊಡ್ಡ ಸುತ್ತು ಹಾಕಿದೆ. ಆಮೇಲೆ ನನ್ನ ಕಥೆಯನ್ನು ತೆಗೆದು ಓದಿದೆ. ಬಂಡೆಯೊಳಗಿನ ಊರು ನನಗೆ ನಾಟಕದ ಪರದೆಯ ಹಾಗೆ ಕಂಡಿತು.

ನನಗೆ ನಾನೇ ಒಂದು ಸಮಾಧಾನ ಹೇಳಿಕೊಂಡೆ. ಇದು ಕಥೆಯಲ್ಲ, ಅನುಭವ. ಅವಳ ಮನೆಯಲ್ಲಿ ನಡೆದದ್ದನ್ನು ನಡೆದ ಹಾಗೆ ಬರೆದಿದ್ದಾಳೆ. ಇದರಲ್ಲಿ ಕಲ್ಪನೆಯ ಕೆಲಸವೇನಿದೆ? ನಾನು ಇಲ್ಲದ ಲೋಕ ಕಟ್ಟಿದ್ದೇನೆ, ಅವಳು ಇದ್ದದ್ದನ್ನು ನಕಲು ಮಾಡಿದ್ದಾಳೆ. ಈ ಮಾತನ್ನು ಒಂದು ವಾರ ದಿನಕ್ಕೆ ನಾಲ್ಕು ಸಲ ಹೇಳಿಕೊಂಡಿರಬೇಕು.

ವಿವರಗಳು ಸರಿಯಿವೆಯೇ ಎಂದು ಪರೀಕ್ಷಿಸುವುದು ಸಂಪಾದಕಿಯ ಕೆಲಸ. ಆ ನೆಪದಲ್ಲಿ ಎರಡೂ ಕಥೆಗಳನ್ನು ತೆಗೆದುಕೊಂಡು ರಾಮನಗರಕ್ಕೆ ಹೋದೆ. ರೇಷ್ಮೆಯ ಕೆಲಸದಲ್ಲೇ ಜೀವನ ಕಳೆದು ನಿವೃತ್ತರಾದ ತಾಂತ್ರಿಕರೊಬ್ಬರು ಅಲ್ಲಿದ್ದರು. ರೇಷ್ಮೆಗೂಡು ಮಾರ್ಕೆಟ್ಟಿನ ಹತ್ತಿರದ ಹೋಟೆಲಿನಲ್ಲಿ ಕೂತು, ಕನ್ನಡಕ ಏರಿಸಿಕೊಂಡು, ಮೊದಲು ಗೆಳತಿಯ ಕಥೆ ಓದಿದರು. ಒಂದಾದರೂ ತಪ್ಪು ತೋರಿಸಲಿ ಎಂದು ನಾನು ಅವರ ಬೆರಳನ್ನೇ ನೋಡುತ್ತಿದ್ದೆ. ಬೆರಳು ಎಲ್ಲಿಯೂ ನಿಲ್ಲಲಿಲ್ಲ.

"ಇದು ನಿಜ ಕಣಮ್ಮ," ಎಂದರು. "ಸೆಕೆ ಹೆಚ್ಚಾದ್ರೆ ಜ್ವರ ಬೇಗ ಮುಗೀತದೆ, ಒಂದೇ ಸಮಕ್ಕೂ ಏಳಕಿಲ್ಲ. ಹಳೇ ಕಾಲದವ್ರ ಅಂದಾಜು ಈಗ ಕೈ ಕೊಡ್ತಾ ಐತೆ. ನಾವು ಟ್ರೈನಿಂಗಲ್ಲಿ ಚಾರ್ಟ್ ಹಾಕಿ ಹೇಳ್ತಿದ್ವಿ, ಯಾರ್ಗೂ ತಲೇಗೋಯ್ತಿರ್ಲಿಲ್ಲ. ಇದ್ನ ಓದಿ ಹೇಳಿದ್ರೆ ಆಗಿತ್ತು."

ಆಮೇಲೆ ನನ್ನ ಕಥೆ ಓದಿದರು. ಬೇಗ ಮುಗಿಸಿದರು.

"ಈ ಗುಹೆ ಒಳಗೆ ನಲ್ವತ್ತು ಡಿಗ್ರಿ ಅಂತ ಬರ್ದಿದ್ದೀರಿ. ಅಷ್ಟ್ರಲ್ಲಿ ಹುಳು ಎಲ್ಲಿರ್ತದೆ? ಇಪ್ಪತ್ತೈದರ ಆಸುಪಾಸು ಬೇಕು ಅದ್ಕೆ. ಮೂವತ್ತೈದಾದ್ರೆ ಮೇಯೋದೇ ಬುಡ್ತದೆ." ಹಾಳೆ ಮಡಿಸಿ ಕೊಡುತ್ತಾ, "ಮುಂದಿನ ಕಾಲದ್ದು ಅಲ್ವಾ, ಇರ್ಲಿ ಬುಡಿ," ಎಂದರು. ಆ ‘ಇರ್ಲಿ ಬುಡಿ’ ನನ್ನನ್ನು ಚನ್ನಪಟ್ಟಣದವರೆಗೂ ಬಸ್ಸಿನಲ್ಲಿ ಚುಚ್ಚುತ್ತಾ ಬಂತು.

ಆ ವಾರ ನಾನು ಮಾಡಿದ್ದನ್ನು ಹೇಳಬೇಕು. ಗೆಳತಿಯ ಕಥೆಯನ್ನು ನಾನೇ ಟೈಪ್ ಮಾಡಿದೆ. ಕಾಗುಣಿತ ತಿದ್ದಿದೆ. ಅಲ್ಲಿಗೆ ನಿಲ್ಲಬೇಕಿತ್ತು. ಓದುಗರಿಗೆ ಹಿನ್ನೆಲೆ ಬೇಕು ಎಂದುಕೊಂಡು ಕೊನೆಯ "ಎದ್ದವಾ?" ತೆಗೆದು, ಆ ಜಾಗದಲ್ಲಿ ಒಂದು ಪ್ಯಾರಾ ಬರೆದೆ. ಸೊಸೆ ಗೋಣಿಚೀಲ ನೆನೆಸಿ ಹುಳುಮನೆಯ ಕಿಟಕಿಗೆ ಕಟ್ಟುತ್ತಾಳೆ, ಆಕಾಶ ನೋಡುತ್ತಾಳೆ, ಎಲ್ಲೋ ದೂರದ ಕಾರ್ಖಾನೆಗಳ ಹೊಗೆಗೂ ತನ್ನ ಅತ್ತೆಯ ಸೋಲಿಗೂ ಇರುವ ಸಂಬಂಧವನ್ನು ಯೋಚಿಸುತ್ತಾಳೆ. ಇದನ್ನು ಗೆಳತಿಗೆ ತೋರಿಸಲಿಲ್ಲ. ಪಟ್ಟಿಯಲ್ಲಿ ಅದಕ್ಕೆ ಒಂಬತ್ತನೇ ಜಾಗ ಕೊಟ್ಟೆ.

ಇನ್ನೊಂದನ್ನೂ ಮಾಡಿದೆ. ನನ್ನ ಕಥೆಯ ಕೊನೆಯಲ್ಲಿ ಆ ಮುದುಕ ಸುಮ್ಮನೆ ಸಾಯುತ್ತಿದ್ದ. ಅವನನ್ನು ಸಾಯಿಸುವ ಬದಲು ಎಬ್ಬಿಸಿ ನಿಲ್ಲಿಸಿದೆ. ಮಗಳ ಕಡೆ ತಿರುಗಿಸಿದೆ. ಜೀವಮಾನವಿಡೀ ಅಪ್ಪಣೆ ಕೊಟ್ಟವನು ಮೊದಲ ಸಲ ಮಗಳನ್ನು ಪ್ರಶ್ನೆ ಕೇಳುತ್ತಾನೆ: "ಈಗ ಏನು ಮಾಡೋಣ?" ಮಾತು ಬೇರೆ, ಪಾತ್ರ ಬೇರೆ, ಕಾಲ ಬೇರೆ. ಕಳ್ಳತನವಲ್ಲ ಎನ್ನುವುದಕ್ಕೆ ನನ್ನ ಹತ್ತಿರ ಎಲ್ಲ ವಾದವೂ ಇತ್ತು. ಎರಡು ವರ್ಷ ಸರಿಹೋಗದ ಕೊನೆ ಅರ್ಧ ಗಂಟೆಯಲ್ಲಿ ಸರಿಹೋಯಿತು.

ಎಲ್ಲ ಕಥೆಗಳನ್ನೂ ಬೆಂಗಳೂರಿಗೆ ಕಳಿಸಿದೆ. ಏಪ್ರಿಲ್ ಮೊದಲ ವಾರ ಪ್ರಕಾಶಕಿಯ ಫೋನ್ ಬಂತು.

"ನಿಮ್ಮ ಕಥೆಯೇ ಮೊದಲು," ಎಂದರು. "ಆ ಮುದುಕ ಕೊನೇಲಿ ಮಗಳನ್ನ ಕೇಳ್ತಾನಲ್ಲ, ಅಲ್ಲಿ ನಾನು ಹಾಳೆ ಕೆಳಗಿಟ್ಟು ಸುಮ್ನೆ ಕೂತೆ. ಹವಾಮಾನ ಅಂದ್ರೆ ಏನು ಅಂತ ಅದೊಂದೇ ಮಾತಲ್ಲಿ ಬಂದ್‌ಬಿಡುತ್ತೆ. ದೊಡ್ಡವರಿಗೂ ಗೊತ್ತಿಲ್ಲದ ಕಾಲ ಬಂತು ಅಂತ."

ನಾನು ಥ್ಯಾಂಕ್ಸ್ ಅಂದೆ. ಈ ಹೊಗಳಿಕೆಗಾಗಿ ಇಪ್ಪತ್ತು ವರ್ಷ ಕಾದಿದ್ದೆ. ಬಂದಾಗ ಅದು ಬೇರೆಯವರ ವಿಳಾಸಕ್ಕೆ ಹೋಗಬೇಕಾಗಿದ್ದ ಕಾಗದದ ಹಾಗಿತ್ತು.

"ಇನ್ನೊಂದು ವಿಷಯ," ಎಂದು ಅವರು ಮುಂದುವರಿಸಿದರು. "ಒಂಬತ್ತನೇದು, ಆ ಹುಳು ಕಥೆ. ತುಂಬ ಚೆನ್ನಾಗಿ ಶುರುವಾಗಿ ಕೊನೆಗೆ ಭಾಷಣ ಆಗ್‌ಬಿಡುತ್ತೆ. ಪುಟ ಜಾಸ್ತಿಯಾಗಿದೆ, ಅದನ್ನ ಬಿಡೋಣ್ವಾ?"

"ನೋಡೋಣ," ಎಂದೆ. ಆ ಭಾಷಣ ನನ್ನದು ಎನ್ನಲಿಲ್ಲ.

ಎರಡು ದಿನ ಹಾಗೇ ಇದ್ದೆ. ಏನೂ ಮಾಡದೆ ಇದ್ದರೆ ಸಾಕಿತ್ತು, ಎಲ್ಲವೂ ತಾನಾಗಿ ನನಗೆ ಅನುಕೂಲವಾಗುತ್ತಿತ್ತು. ಗೆಳತಿಯ ಕಥೆ ಪುಸ್ತಕದಲ್ಲಿ ಬರದಿದ್ದರೆ ಪಕ್ಕ ಪಕ್ಕ ಇಟ್ಟು ನೋಡುವವರು ಯಾರೂ ಇರುವುದಿಲ್ಲ. ಮೂರನೇ ದಿನ ಶನಿವಾರ, ಹೊಂಗನೂರು ಬಸ್ಸು ಹತ್ತಿದೆ. ಸತ್ಯ ಹೇಳುತ್ತೇನೆ, ತಪ್ಪೊಪ್ಪಿಕೊಳ್ಳಲು ಹೋಗಲಿಲ್ಲ. ಪ್ರಕಾಶಕರು ಬೇಡ ಅಂದರು ಕಣೆ, ನಾನು ಎಷ್ಟು ಹೇಳಿದರೂ ಕೇಳಲಿಲ್ಲ ಎಂದು ಹೇಳಿ ಬರಲು ಹೋದೆ. ಟೈಪ್ ಮಾಡಿದ ಪ್ರತಿ ಬ್ಯಾಗಿನಲ್ಲಿತ್ತು. ಅದನ್ನು ಯಾಕೆ ಇಟ್ಟುಕೊಂಡೆ ಎಂದು ಇವತ್ತಿಗೂ ಸರಿಯಾಗಿ ಹೇಳಲಾರೆ.

ಹನ್ನೆರಡು ಗಂಟೆಯ ಬಿಸಿಲು. ಹುಳುಮನೆ ಅವಳ ಮನೆಯ ಹಿಂದೆ, ತೋಟದ ಅಂಚಿನಲ್ಲಿತ್ತು. ಶೀಟಿನ ಚಾವಣಿಯ ಮೇಲೆ ತೆಂಗಿನ ಗರಿ ಹೊದಿಸಿ ನೀರು ಹಾಯಿಸಿದ್ದರು. ಕಿಟಕಿಗಳಿಗೆ ಹಸಿ ಗೋಣಿ ಕಟ್ಟಿತ್ತು. ಬಾಗಿಲ ಮುಂದಿನ ಹೊಂಗೆ ಮರದ ನೆರಳಲ್ಲಿ ಅವಳ ಅತ್ತೆ ಹಿಪ್ಪುನೇರಳೆ ಕಡ್ಡಿಗಳನ್ನು ಕಟ್ಟು ಬಿಚ್ಚಿ ಹರಡುತ್ತಿದ್ದರು. ಗೆಳತಿ ಒಳಗಿನಿಂದ ತಲೆ ಹಾಕಿದಳು.

"ಒಳ್ಳೆ ಟೇಮ್‌ಗೆ ಬಂದೆ ಕಣಮ್ಮಿ. ಕರೆಂಟಿಲ್ಲ, ಫ್ಯಾನಿಲ್ಲ. ಚಪ್ಲಿ ಬುಟ್ಟು, ಆ ಬ್ಲೀಚಿಂಗ್ ಪೌಡರ್ ನೀರಲ್ಲಿ ಕಾಲದ್ಕೊಂಡು, ಬಕೆಟ್ ತಗಾ."

ಕಾಲದ್ದಿಕೊಂಡೆ. ಗೋಣಿಗಳಿಗೆ ನೀರು ಚಿಮುಕಿಸುವ ಕೆಲಸ ನನ್ನದಾಯಿತು. ಆಗ ಹುಳುಗಳಿಗೆ ಕೊನೆಯ ಹಂತ, ಬೆರಳು ಗಾತ್ರ, ಜ್ವರವೆಲ್ಲ ಮುಗಿದು ಬಿಡದೆ ಮೇಯುವ ದಿನಗಳು. ಒಳಗಿನ ಥರ್ಮಾಮೀಟರ್ ಮೂವತ್ತಮೂರು ತೋರಿಸುತ್ತಿತ್ತು. ಅವಳು ಐದೈದು ನಿಮಿಷಕ್ಕೆ ಅದನ್ನು ನೋಡುತ್ತಿದ್ದಳು. ಒಂದು ಮೂಲೆಯಲ್ಲಿ ಹುಳು ಮೇಯುವುದು ನಿಧಾನವಾಗಿತ್ತು. ಅಲ್ಲಿ ಬಗ್ಗಿ ಕಿವಿಗೊಟ್ಟು ಕೇಳಿ, "ಈ ಕಡೆ ಇನ್ನೊಂದು ಗೋಣಿ," ಎಂದಳು. ಬೆಳೆ ಉಳಿಯುತ್ತದೋ ಇಲ್ಲವೋ ಎನ್ನುವುದು ಆ ಮಧ್ಯಾಹ್ನ ಅವಳಿಗೂ ಗೊತ್ತಿರಲಿಲ್ಲ.

ನೀರು ತುಂಬಿಕೊಳ್ಳಲು ಹೊರಗೆ ಬಂದಾಗ ಅತ್ತೆ ಕರೆದರು.

"ಬಾ ಮಗ, ಕೂತ್ಕ ಒಸಿ. ನನ್ ಕತೆ ಬರ್ದವ್ಳಂತಲ್ಲ ನಿನ್ ಗೆಳತಿ. ನಂಗೂ ಓದಿ ಹೇಳುದ್ಲು."

"ಹೆಂಗಿತ್ತಜ್ಜಿ?"

"ಎಲ್ಲ ಸರ್ಯಾಗೈತೆ ಕಣವ್ವ. ನಾನು ಬಯ್ಯೋದು, ಹುಳ ತಪ್ಪಿದ್ದು, ಎಲ್ಲಾವೆ. ಕೊನೇಲಿ ಮಾತ್ರ ಸುಳ್ಳು ಬರ್ದವ್ಳೆ. ನಾನು ಇವ್ಳ ತಾವ ಹೋಗಿ ಎದ್ದವಾ ಅಂತ ಕೇಳ್ನಿಲ್ಲ. ಯಾಕ್ ಕೇಳಾನ? ಈಗ್ಲೂವೆ ನಾನೇ ಹೇಳಾದು. ತಪ್ಪಾದ್ರೂ ನಾನೇ ಹೇಳಾದು."

ಒಳಗಿನಿಂದ ಗೆಳತಿ, "ಅದ್ಕೇ ಬರ್ದಿದ್ದು ಕಣತ್ತೆ, ನೀವು ಕೇಳಕಿಲ್ಲ ಅಂತ," ಎಂದಳು.

ಅತ್ತೆ ನಕ್ಕರು. ನಾನು ತುಂಬಿದ ಬಕೆಟ್ ಹಿಡಿದು ಅಲ್ಲೇ ನಿಂತೆ. ಒಂದು ತಿಂಗಳಿನಿಂದ ನನ್ನನ್ನು ಹಿಡಿದು ನಿಲ್ಲಿಸಿದ್ದ ಒಂದೇ ಸಮಾಧಾನ ಆ ಮುದುಕಿಯ ಎರಡು ಮಾತಿಗೆ ಹೋಗಿಬಿಟ್ಟಿತು. ನಕಲು ಎಂದುಕೊಂಡಿದ್ದೆನಲ್ಲ, ಆ ಕಥೆಯಲ್ಲಿ ನನ್ನ ಕಿವಿ ಬಿಸಿ ಮಾಡಿದ ಆ ಒಂದು ಪದವೇ ಅವಳು ಹುಟ್ಟಿಸಿದ್ದು.

ಒಳಗೆ ಹೋಗಿ ಕೇಳಿದೆ. "ಆ ಕೊನೆ ನಿನಗೆ ಹೆಂಗೆ ಹೊಳೀತು?"

"ಹೊಳೀನಿಲ್ಲ. ಹನ್ನೊಂದು ಸಲ ಬರ್ದೆ. ಒಂದ್ರಲ್ಲಿ ಅತ್ತೇನ ಸಾಯ್ಸುದೆ. ಒಂದ್ರಲ್ಲಿ ಮಳೆ ಬರ್ಸುದೆ, ನಂಗೇ ನಗು ಬಂತು. ಆಮೇಲೆ ಬಾಗ್ಲಲ್ಲಿ ತಂದು ನಿಲ್ಸಿ ಏನಂತಾರೆ ನೋಡಾನ ಅಂತ ಎರಡು ದಿನ ಸುಮ್ಕಿದ್ದೆ."

ಹನ್ನೊಂದು ಸಲ. ನಾನು ನೋಟ್‌ಬುಕ್ಕಿನಲ್ಲಿ ಪ್ರಶ್ನೆ ಹಾಕಿಕೊಂಡು ಬೇರೆಯವರ ಮಳೆ ಎಣಿಸುತ್ತಿದ್ದಾಗ, ಅವಳು ತನ್ನ ಮಳೆಯನ್ನು ತಾನೇ ಹೊಡೆದುಹಾಕಿದ್ದಳು.

ಬ್ಯಾಗಿನಿಂದ ಪ್ರತಿ ತೆಗೆದು ಅವಳ ಕೈಗೆ ಕೊಟ್ಟೆ. ಅವಳು ಕೈ ಒರೆಸಿಕೊಂಡು, ಹೊರಗೆ ಬಂದು, ನೆರಳಲ್ಲಿ ನಿಂತು ಓದಿದಳು. ಕೊನೆಯ ಪುಟಕ್ಕೆ ಬಂದಾಗ ಮುಖ ಬದಲಾಯಿತು.

"ಜ್ವರದಲ್ಲಿ ಯಾರಾದ್ರೂ ಗೋಣಿ ನೆನುಸ್ತಾರಾ? ಆವಾಗ ಒಣಗಿರ್ಬೇಕು ಕಣಮ್ಮಿ, ಅದ್ಕೇ ಸುಣ್ಣ ಉದುರ್ಸಾದು. ಇದ್ನ ಯಾರ್ ಬರ್ದಿದ್ದು?"

"ನಾನು."

"ಗೊತ್ತಾಯ್ತು. ಕಿಟಕಿ ಐತೆ."

ಅವಳು ಹಾಳೆ ಮಡಿಸಿದಳು.

"ಯಾಕ್ ಮಾಡ್ದೆ?"

"ನಿಂದು ನನ್ನ ಕತೆಗಿಂತ ಚೆನ್ನಾಗಿತ್ತು. ನೋಡಕ್ಕಾಗ್ಲಿಲ್ಲ."

"ಅಷ್ಟೇಯಾ?"

"ಇನ್ನೂ ಒಂದೈತೆ," ಎಂದು, ನನ್ನ ಮುದುಕ ಮಗಳನ್ನು ಕೇಳುವ ಕೊನೆಯ ಬಗ್ಗೆ ಹೇಳಿದೆ. ಪ್ರಕಾಶಕಿ ಅದನ್ನು ಹೊಗಳಿದ್ದು, ಒಂಬತ್ತನೇ ಕಥೆಯನ್ನು ಬಿಡೋಣ ಅಂದದ್ದು, ನಾನು ‘ನೋಡೋಣ’ ಅಂದದ್ದು, ಎಲ್ಲ ಹೇಳಿದೆ. ಬಿಕ್ಕುತ್ತಾ ಹೇಳಲಿಲ್ಲ. ಸ್ಟಾಫ್ ರೂಮಿನಲ್ಲಿ ಅಂಕಪಟ್ಟಿ ಓದುವವಳ ಹಾಗೆ ಹೇಳಿದೆ. ಅತ್ತೆಯ ಕೈಯಲ್ಲಿನ ಕಡ್ಡಿ ನಿಂತಿತ್ತು.

"ನೀರು ತಗಂಡ್ ಬಾ," ಎಂದು ಒಳಗೆ ಹೋದಳು.

ಮುಕ್ಕಾಲು ಗಂಟೆ ಹಾಗೆಯೇ ಕೆಲಸ ಮಾಡಿದೆವು. ನಾನು ನೀರು ಹೊತ್ತೆ, ಅವಳು ಹುಳು ಸರಿಸಿ ಹೊಸ ಕಡ್ಡಿ ಹಾಕಿದಳು. ಕರೆಂಟು ಬಂತು, ಫ್ಯಾನು ತಿರುಗಿತು, ಥರ್ಮಾಮೀಟರ್ ಎರಡು ಗೆರೆ ಇಳಿಯಿತು. ಆ ಮೂಲೆಯ ಹುಳುಗಳು ಮತ್ತೆ ಮೇಯತೊಡಗಿದವು. ಆಗ ಅವಳು ಸೆರಗಿನಿಂದ ಕತ್ತು ಒರೆಸಿಕೊಂಡು ನನ್ನ ಕಡೆ ತಿರುಗಿದಳು.

"ಫೋನ್ ಮಾಡು ಅವ್ರಿಗೆ. ನನ್ ಮುಂದೇನೇ ಮಾಡು. ಸ್ಪೀಕರ್ ಹಾಕು."

ಮಾಡಿದೆ. ಒಂಬತ್ತನೇ ಕಥೆಯ ಭಾಷಣ ನನ್ನದು, ಲೇಖಕಿಗೆ ಗೊತ್ತಿಲ್ಲದೆ ಸೇರಿಸಿದ್ದು, ನನ್ನ ಕಥೆಯಲ್ಲಿ ನಿಮಗೆ ಹಿಡಿಸಿದ ಕೊನೆ ಅವಳದು ಎಂದೆ. ಪ್ರಕಾಶಕಿಯ ದನಿ ಸ್ಪೀಕರಿನಲ್ಲಿ ಬಂತು:

"ನೀವು ಹೇಳದೆ ಇದ್ದಿದ್ರೆ ನನಗೆ ಗೊತ್ತಾಗ್ತಿರಲಿಲ್ಲ."

"ಹೌದು."

"ನಿಮ್ಮನ್ನ ಸಂಪಾದಕಿ ಅಂತ ಇಟ್ಕೊಳ್ಳೋದೋ ಬೇಡವೋ, ನಾನು ಯೋಚನೆ ಮಾಡ್ಬೇಕಾಗುತ್ತೆ."

ಗೆಳತಿ ಫೋನಿನ ಕಡೆ ಬಗ್ಗಿದಳು. "ಇಟ್ಕಳಿ ಮೇಡಂ. ಕಾಗುಣಿತ ಚೆನ್ನಾಗ್ ನೋಡ್ತಾಳೆ."

ಅದು ಕ್ಷಮೆ ಎಂದು ನಾನು ಅಂದುಕೊಳ್ಳಲಿಲ್ಲ. ಬಸ್ಸಿಗೆ ಹೊರಟಾಗ ಅವಳು ರಸ್ತೆಯವರೆಗೆ ಬಂದಳು. ನನ್ನ ಕಥೆಯನ್ನು ಪುಸ್ತಕದಿಂದ ತೆಗೆಯುತ್ತೇನೆ ಎಂದೆ. "ಯಾಕೆ? ಇರ್ಲಿ. ನಂದು ನಂಗೆ ಬುಟ್ಟು, ನಿನ್ ಕೊನೆ ನೀನು ಬರ್ಕ," ಎಂದಳು.

ಮೂರು ವಾರ ಪ್ರಯತ್ನಿಸಿದೆ. ಮುದುಕನನ್ನು ಎಲ್ಲ ಕಡೆಯೂ ನಿಲ್ಲಿಸಿ ನೋಡಿದೆ, ಅವನು ಬಾಯಿ ಬಿಡಲಿಲ್ಲ. ಕಾರಣ ನಿಧಾನಕ್ಕೆ ಗೊತ್ತಾಯಿತು. ನಾನು ಸೆಕೆಯನ್ನು ನೂರು ವರ್ಷ ಮುಂದಕ್ಕೆ ತಳ್ಳಿ ಬರೆದದ್ದು, ಇವತ್ತಿನ ಸೆಕೆ ಯಾರಿಂದ ಏನನ್ನು ಕಿತ್ತುಕೊಳ್ಳುತ್ತಿದೆ ಎಂದು ನೋಡಲು ಹೋಗದಿದ್ದಕ್ಕೆ. ಮುಂದಿನ ಕಾಲವನ್ನು ಬರೆಯಬಾರದು ಎಂದಲ್ಲ. ನಾನು ಅಲ್ಲಿಗೆ ಬಚ್ಚಿಟ್ಟುಕೊಳ್ಳಲು ಹೋಗಿದ್ದೆ. ಕೊನೆಗೆ ನನ್ನ ಕಥೆಯನ್ನು ಹಿಂದಕ್ಕೆ ತೆಗೆದುಕೊಂಡೆ.

ಪ್ರಕಾಶಕಿ ನನ್ನನ್ನು ಸಂಪಾದಕಿಯಾಗಿ ಉಳಿಸಿಕೊಂಡರು, ಆದರೆ ಪ್ರತಿ ಕಥೆಯ ತಿದ್ದಿದ ಪ್ರತಿಗೂ ಲೇಖಕರ ಸಹಿ ಬೇಕೆಂದು ಹೇಳಿದರು. ಸಹಿಗಾಗಿ ನಾಲ್ಕು ತಾಲ್ಲೂಕು ಅಲೆದೆ. ವಕೀಲರು ಆನೆಗಳನ್ನು ರಾಗಿ ಹೊಲದಲ್ಲೇ ಬಿಟ್ಟು ಕಥೆ ನಿಲ್ಲಿಸಲು ಒಪ್ಪಿದರು. ಮಾಗಡಿಯ ಮೇಷ್ಟರು ಒಪ್ಪಲಿಲ್ಲ. ಅವರ ಮಳೆ ಅವರಿಗೇ ಇರಲಿ ಎಂದು ಬಿಟ್ಟೆ. ಮುನ್ನುಡಿಯಲ್ಲಿ ‘ನಾಲ್ಕನೇ ಜ್ವರ’ದ ಬಗ್ಗೆ ಒಂದೇ ಸಾಲು ಬರೆದೆ: ಈ ಕಥೆಯಲ್ಲಿ ನಾನು ಸೇರಿಸಿದ್ದನ್ನೆಲ್ಲ ತೆಗೆದಿದ್ದೇನೆ. ಅದರ ಅರ್ಥ ನಾಲ್ವರಿಗೆ ಮಾತ್ರ ಗೊತ್ತಿತ್ತು.

ಪುಸ್ತಕ ಬಿಡುಗಡೆ ರಾಮನಗರದ ಒಂದು ಸಭಾಂಗಣದಲ್ಲಿ ಆಯಿತು. ಅತ್ತೆ ಬರಲಿಲ್ಲ, ಹುಳು ನೋಡಿಕೊಳ್ಳಲು ಒಬ್ಬರು ಬೇಕಿತ್ತು. ಮೊದಲನೇ ಕಥೆಯ ಲೇಖಕಿ ಎಂದು ಗೆಳತಿಯನ್ನು ವೇದಿಕೆಗೆ ಕರೆದರು. ಎರಡು ಪುಟ ಓದಬೇಕಿತ್ತು. ಹಸಿರು ಸೀರೆ ಉಟ್ಟಿದ್ದಳು, ಮೈಕು ಎತ್ತರವಾಯಿತೆಂದು ತಾನೇ ಬಗ್ಗಿಸಿಕೊಂಡಳು. ನಾನು ಎರಡನೇ ಸಾಲಿನಲ್ಲಿ ಪುಸ್ತಕ ತೆರೆದುಕೊಂಡು ಕೂತಿದ್ದೆ. ಅವಳು ಓದುವ ಪ್ರತಿ ಪದ ನನಗೆ ಗೊತ್ತಿತ್ತು. ಎಷ್ಟು ಸಲ ಕರಡು ನೋಡಿದ್ದೆನೋ ಏನೋ.

ಎರಡನೇ ಸಲ ಲೆಕ್ಕ ತಪ್ಪಿದ ಜಾಗಕ್ಕೆ ಬಂದಳು. ಅಚ್ಚಾಗಿದ್ದದ್ದು ‘ಅತ್ತೆಗೆ ಅವಮಾನವಾಯಿತು’ ಎಂದು. ಅವಳು ಒಂದು ಕ್ಷಣ ನಿಂತು, ಪುಸ್ತಕದಿಂದ ಕಣ್ಣೆತ್ತದೆ ಓದಿದಳು: "ಅತ್ತೆ ಯಾರನ್ನೂ ನೋಡದೆ ತಟ್ಟೆಯಲ್ಲಿ ಉಳಿದಿದ್ದ ಮುದ್ದೆಯನ್ನು ಪೂರ್ತಿ ತಿಂದರು."

ಸಭೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ. ನನಗೆ ಗೊತ್ತಾಯಿತು. ಆ ಸಾಲು ಅಷ್ಟು ದಿನ ನನ್ನ ಕಣ್ಣ ಮುಂದೆಯೇ ಇತ್ತು. ಅಲ್ಲಿ ಅವಮಾನ ಎನ್ನುವ ಪದ ಬೇಡ ಎಂದು ಸಂಪಾದಕಿಯಾದ ನನಗೆ ಹೊಳೆದಿರಲಿಲ್ಲ. ಅವಳಿಗೆ ಓದುತ್ತಾ ಓದುತ್ತಾ, ಅಷ್ಟು ಜನರ ಮುಂದೆ ನಿಂತು ಹೊಳೆದಿತ್ತು. ಕಿವಿ ಮತ್ತೆ ಬಿಸಿಯಾಯಿತು. ಮುಂಚಿನದಕ್ಕಿಂತ ಕಡಿಮೆಯೇನೂ ಇರಲಿಲ್ಲ.

ಬ್ಯಾಗಿನಿಂದ ಪೆನ್ನು ತೆಗೆದೆ. ನನ್ನ ಪ್ರತಿಯಲ್ಲಿ ಆ ಎರಡು ಪದಗಳನ್ನು ಹೊಡೆದುಹಾಕಿ, ಅವಳು ಹೇಳಿದ ಸಾಲನ್ನು ಅಂಚಿನಲ್ಲಿ ಬರೆದೆ. ಕೆಳಗೆ ‘ಎರಡನೇ ಮುದ್ರಣಕ್ಕೆ, ಲೇಖಕಿಯ ಸಹಿ ಪಡೆಯುವುದು’ ಎಂದು ಗುರುತು ಹಾಕಿಕೊಂಡೆ.